ಚೀಟಿ ಕಟ್ಟಿಸಿಕೊಂಡ ಸ್ಟೂಲು

ಕೂರುವುದಕ್ಕೆಂದೇ ಮಾಡಿದ ನೂರಾರು ಕುರ್ಚಿಗಳನ್ನು ಒಂದೇ ಸೂರಿನಡಿ ಕೂಡಿಹಾಕಿ, ಒಂದರ ಮೇಲೂ ಯಾರೂ ಕೂರಬಾರದೆಂದು ಬೋರ್ಡು ಬರೆಸಿ ನೇತುಹಾಕಿದವರನ್ನು ಏನೆಂದು ಕರೆಯಬೇಕು? ನಾನು ಕರೆಯುವ ಹೆಸರೊಂದಿದೆ. ಅದನ್ನು ಅಚ್ಚು ಹಾಕುವ ಧೈರ್ಯ ಯಾವ ಮುದ್ರಣಾಲಯಕ್ಕೂ ಇಲ್ಲ. ಆದ್ದರಿಂದ ಅವರು ತಮಗೆ ತಾವೇ ಇಟ್ಟುಕೊಂಡಿರುವ ಹೆಸರನ್ನೇ ಹೇಳುತ್ತೇನೆ: ಕಲೆ, ವಿನ್ಯಾಸ ಹಾಗೂ ಪ್ರದರ್ಶನಗಳ ಪ್ರೋತ್ಸಾಹಕ ಸಂಘ. ಇಷ್ಟನ್ನು ಒಂದೇ ಉಸಿರಿಗೆ ಹೇಳಬಲ್ಲವರು ವೇದಿಕೆಯ ಮೇಲೆ ಕೂರುತ್ತಾರೆ. ಉಳಿದವರು ನಿಂತಿರುತ್ತೇವೆ.

ನಾನು ಆ ಸಂಘದ ದಾಖಲೆ ಭಂಡಾರದಲ್ಲಿ ಸಹಾಯಕ. ಹಳೆಯ ಪ್ರದರ್ಶನಗಳ ಪೋಸ್ಟರು, ಪದಕ, ನಕ್ಷೆ, ಬಹುಮಾನ ಗೆದ್ದ ಕುರ್ಚಿ, ಬಹುಮಾನ ಬಾರದ ಸಿಟ್ಟಿಗೆ ಮಾಡಿದವನು ಅಲ್ಲೇ ಬಿಟ್ಟುಹೋದ ಕುರ್ಚಿ, ಎಲ್ಲವೂ ಅಲ್ಲಿವೆ. ಎಲ್ಲಕ್ಕೂ ದಾರದಲ್ಲಿ ಕಟ್ಟಿದ ನಂಬರಿನ ಚೀಟಿ. ಚೀಟಿ ಕಟ್ಟಿಸಿಕೊಂಡ ವಸ್ತು ಗೇಟು ದಾಟಿ ಹೊರಗೆ ಹೋಗುವಂತಿಲ್ಲ. ಇದು ಸಂಘದ ದೊಡ್ಡ ನಿಯಮ. ಸಿಬ್ಬಂದಿ ತಮ್ಮ ಸ್ವಂತ ಸಾಮಾನು ಭಂಡಾರಕ್ಕೆ ತರುವಂತಿಲ್ಲ. ಇದು ಸಣ್ಣ ನಿಯಮ. ನನಗಿಂತ ಮುಂಚೆ ಇದ್ದವನು ಬೆನ್ನು ನೋವಿಗೆ ಮನೆಯಿಂದ ಒಂದು ದಿಂಬು ತಂದಿಟ್ಟುಕೊಂಡು, ಆ ಸಣ್ಣ ನಿಯಮಕ್ಕೆ ಕೆಲಸ ಕಳೆದುಕೊಂಡ. ದಿಂಬು ಈಗಲೂ ಒಳಗಿದೆ, ಚೀಟಿ ಸಮೇತ.

ಈಗ ಹೇಳಿ, ಮುಂದೆ ನಡೆದದ್ದರಲ್ಲಿ ನನ್ನ ತಪ್ಪೇನಿದೆ? ಭಂಡಾರದ ಏಣಿ ಮುರಿದಿತ್ತು. ಹೊಸದು ಕೊಡಿಸಿ ಎಂದು ಕಾರ್ಯದರ್ಶಿಗಳನ್ನು ಕೇಳಿದೆ. ಅಂಗಡಿಗೆ ಹೋಗಿ ಒಂದು ಏಣಿ ತರುವುದನ್ನು ಬಿಟ್ಟು ಆ ಮನುಷ್ಯ 'ಏಣಿ: ನಿನ್ನೆ, ಇಂದು, ನಾಳೆ' ಎಂದು ವಿಚಾರ ಸಂಕಿರಣ ಇಟ್ಟುಕೊಂಡರು. ದೂರದಿಂದ ಬಂದ ವಿದ್ವಾಂಸರೊಬ್ಬರು, ಏಣಿ ಎನ್ನುವುದೇ ಅಹಂಕಾರದ ವಿನ್ಯಾಸ ಎಂದು ಭಾಷಣ ಬಿಗಿದು, ಚಪ್ಪಾಳೆ ತಟ್ಟಿಸಿಕೊಂಡು, ಹೊಟ್ಟೆ ತುಂಬ ಉಂಡು ಹೋದರು. ಏಣಿ ಬರಲಿಲ್ಲ. ಮೇಲಿನ ಕಪಾಟಿನ ಪೆಟ್ಟಿಗೆಗಳು ಮಾತ್ರ ಬೇಕಾಗಿದ್ದವು, ಅದೂ ಆವತ್ತೇ, ಯಾಕೆಂದರೆ 'ಬಳಕೆಯ ಬೆರಗು' ಎಂಬ ದೊಡ್ಡ ಪ್ರದರ್ಶನ ಹತ್ತಿರ ಬಂದಿತ್ತು.

ಹೆಂಡತಿ ಅವಳ ಅಕ್ಕನ ಮನೆಗೆ ಹೋಗಿದ್ದಳು. ಅವಳು ಬಟ್ಟೆ ಹೊಲಿಯುವವಳು. ಮೆಷಿನ್ ಮುಂದಿನ ಮೂರು ಕಾಲಿನ ಸ್ಟೂಲು ಸುಮ್ಮನೆ ಬಿದ್ದಿತ್ತು. ಒಂದು ಬೆಳಗ್ಗೆಯ ಮಟ್ಟಿಗೆ ಒಯ್ದು ತಂದರೆ ಯಾರ ಗಂಟೇನು ಹೋಗುತ್ತದೆ ಎಂದು ಚೀಲದೊಳಗೆ ಹಾಕಿಕೊಂಡು ಹೊರಟೆ. ಗೇಟಿನ ಕಾವಲುಗಾರ ಹೊರಗೆ ಹೋಗುವ ಚೀಲ ಮಾತ್ರ ನೋಡುವವನು, ಒಳಗೆ ಬರುವುದು ಆನೆಯಾದರೂ ಅವನಿಗೆ ಚಿಂತೆಯಿಲ್ಲ.

ಸ್ಟೂಲಿನ ಮೇಲೆ ನಿಂತು ಪೆಟ್ಟಿಗೆಗೆ ಕೈ ಹಾಕಿದ್ದೆ, ಅಷ್ಟರಲ್ಲಿ ಬಂದರು ಭೂತಗನ್ನಡಿ. ಅವರು ಸಂಘದ ತಜ್ಞರು. ಜೇಬಿನಲ್ಲಿ ಯಾವಾಗಲೂ ಒಂದು ಭೂತಗನ್ನಡಿ ಇರುವುದರಿಂದ ನಾವು ಕೆಳಗಿನವರು ಇಟ್ಟ ಹೆಸರು ಅದು. ಅವರು ನನ್ನ ಮುಖ ನೋಡಲಿಲ್ಲ. ನನ್ನ ಕಾಲ ಕೆಳಗೆ ನೋಡಿದರು.

"ಏನಿದು?"

ದಿಂಬಿನವನ ಗತಿ ಕಣ್ಣ ಮುಂದೆ ಬಂತು. ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಇಲ್ಲಿದೇ ಸಾರ್. ತುಂಬಾ ಹಳೇದು. ಮೊದಲನೇ ಪ್ರದರ್ಶನದ್ದು ಅಂತಾರೆ."

"ಚೀಟಿ ಎಲ್ಲಿ?"

"ಬಿದ್ದುಹೋಗಿದೆ ಸಾರ್. ಬಹುಶಃ ಇಲಿ..."

"ಮೊದಲನೇ ಪ್ರದರ್ಶನದ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದೀಯಲ್ಲಯ್ಯಾ! ಇಳಿಯೋ ಕೆಳಗೆ!" ಎಂದು ಕಿರುಚಿದರು. ನಾನು ಇಳಿದೆ. ಅವರು ಮಂಡಿಯೂರಿ, ಕನ್ನಡಿ ಹಿಡಿದು, ಸ್ಟೂಲಿನ ಸುತ್ತ ಹಸುಗೂಸಿನ ಹಾಗೆ ತೆವಳಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಇದ್ದಾರೆಂದು ಕೇಳಿದ್ದೆ. ಇವರು ಕೊಟ್ಟಿಗೆಗೆ ಕಟ್ಟಿ, ಕರುವಿಗೆ ನಂಬರು ಕೊಟ್ಟು, ಹಾಲಿನ ಬಗ್ಗೆ ಪ್ರಬಂಧ ಬರೆಯುವವರು. "ಒಂದು ಕಾಲು ಗಿಡ್ಡ! ಬೇಕಂತಲೇ ಗಿಡ್ಡ ಮಾಡಿದಾನೆ. ಆಹಾ! ಸಮಾಜದ ಅಸಮತೋಲನ!" ಎಂದವರೇ ಜೇಬಿನಿಂದ ಚೀಟಿ ತೆಗೆದು ಗಿಡ್ಡ ಕಾಲಿಗೆ ಬಿಗಿದು ಗಂಟು ಹಾಕಿದರು. ಅಲ್ಲಿಗೆ ನನ್ನ ಕತೆ ಮುಗಿಯಿತು.

ಹೆಂಡತಿ ಊರಿಂದ ಬಂದು ಚಪ್ಪಲಿ ಬಿಡುವುದಕ್ಕೆ ಮುಂಚೆಯೇ ಕೇಳಿದಳು. "ರೀ, ನನ್ನ ಸ್ಟೂಲೆಲ್ಲಿ?"

"ರಿಪೇರಿಗೆ ಕೊಟ್ಟಿದೀನಿ."

"ಅದಕ್ಕೇನಾಗಿತ್ತು ರೋಗ?"

"ಒಂದು ಕಾಲು ಗಿಡ್ಡ ಇತ್ತಲ್ಲ. ಸರಿ ಮಾಡಿಸೋಣ ಅಂತ."

ಅವಳು ಗೋಡೆ ಹಿಡಿದುಕೊಂಡಳು. "ಆ ಕಾಲು ಗಿಡ್ಡ ಇರಬೇಕು ಕಣ್ರೀ! ಅದಕ್ಕೇ ಅಲ್ವಾ ಅಪ್ಪ ಅದನ್ನ ಮಾಡಿದ್ದು! ಇಷ್ಟು ವರ್ಷ ಸಂಸಾರ ಮಾಡಿದೀರಿ, ನಾನು ಹೇಗೆ ಕೂರ್ತೀನಿ ಅಂತ ಒಂದು ದಿನವಾದ್ರೂ ನೋಡಿದೀರಾ?"

ನೋಡಿರಲಿಲ್ಲ. ಗಂಡಂದಿರು ಅದನ್ನೆಲ್ಲ ನೋಡುತ್ತಾರೆಯೇ? ಆಮೇಲೆ ಅವಳೇ ಬೈಯುತ್ತಾ ಹೇಳಿದಳು. ಚಿಕ್ಕವಳಿದ್ದಾಗ ಮೆಟ್ಟಿಲಿಂದ ಬಿದ್ದು ಸೊಂಟದ ಮೂಳೆ ಸೊಟ್ಟ ಕೂಡಿಕೊಂಡಿತಂತೆ. ಸಮನಾದ ಯಾವ ಪೀಠದ ಮೇಲೆ ಕೂತರೂ ನೋವು. ನನ್ನ ಮಾವ ಬಡಗಿ. ಮಗಳನ್ನು ಹಲಗೆಯ ಮೇಲೆ ಕೂರಿಸುವುದು, ಎಬ್ಬಿಸುವುದು, ಸ್ಟೂಲಿನ ಒಂದು ಕಾಲನ್ನು ಒಂದಿಷ್ಟು ಉಜ್ಜುವುದು, ಮತ್ತೆ ಕೂರಿಸುವುದು. ಅವಳು "ಈಗ ನೋವಿಲ್ಲ ಅಪ್ಪ" ಅನ್ನುವ ತನಕ ಉಜ್ಜಿದರಂತೆ. ಈಗ ಮಾವನೂ ಇಲ್ಲ, ಅಂಥ ಇನ್ನೊಂದು ಸ್ಟೂಲೂ ಇಲ್ಲ. ಅವರ ಅಳತೆ ಅವರ ಕೈಯಲ್ಲೇ ಹೋಯಿತು.

ಕೆಲಸವೋ, ತಲೆಯ ಮೇಲಿತ್ತು. ಊರಿನ ಬ್ಯಾಂಡ್ ತಂಡದವರು ಹೊಸ ಕೆಂಪು ಕೋಟು ಹೊಲಿಯಲು ಕೊಟ್ಟಿದ್ದರು. ಅವರು ಆ ಕೋಟು ತೊಟ್ಟು ಬಾರಿಸಬೇಕಾಗಿದ್ದದ್ದು ಎಲ್ಲಿ ಅಂತೀರಿ? ನಮ್ಮ ಸಂಘದ ಪ್ರದರ್ಶನದ ಉದ್ಘಾಟನೆಯಲ್ಲೇ! ಹೆಂಡತಿ ಊಟದ ಕುರ್ಚಿಯ ಮೇಲೆ ಕೂತು ನೋಡಿದಳು, ಮಂಡಿ ಮೆಷಿನ್ನಿಗೆ ಬಡಿಯಿತು. ಟ್ರಂಕಿನ ಮೇಲೆ ಕೂತಳು, ಕೈ ಮೇಲಕ್ಕೆತ್ತಿ ಹೊಲಿಯಬೇಕಾಯಿತು. ಎದುರುಮನೆಯ ಮೇಷ್ಟ್ರು, ಎಲ್ಲದಕ್ಕೂ ಸಲಹೆ ಇಟ್ಟುಕೊಂಡ ನಿವೃತ್ತ ಪ್ರಾಣಿ, ಹಳೆಯ ನಿಘಂಟುಗಳನ್ನು ಪೇರಿಸಿಕೊಟ್ಟರು. "ಜ್ಞಾನದ ಮೇಲೆ ಕೂತ್ಕೊಂಡು ಹೊಲೀರಮ್ಮ" ಅಂದರು. ಜ್ಞಾನ ಜಾರಿತು. ಸಂಜೆಯ ಹೊತ್ತಿಗೆ ಅವಳು ಹಾಸಿಗೆಯ ಮೇಲೆ ಮಗ್ಗುಲಾಗಿ ಬಿದ್ದು, ಹಲ್ಲು ಕಚ್ಚಿಕೊಂಡು ಗುಂಡಿಯ ಕಾಜ ಹೊಲಿಯುತ್ತಿದ್ದಳು. ಬ್ಯಾಂಡ್ ಮೇಸ್ತ್ರಿ ದಿನಾ ಬಂದು ಬಾಗಿಲಲ್ಲಿ ನಿಂತು "ಅಕ್ಕಾ, ತೋಳಾದ್ರೂ ಆಯ್ತಾ?" ಎಂದು ಕೇಳಿ, ಅವಳ ಮುಖ ನೋಡಿ, ಸದ್ದಿಲ್ಲದೆ ಹೋಗುತ್ತಿದ್ದ.

ನಾನು ರಿಪೇರಿಯ ಸುಳ್ಳನ್ನು ಎಳೆಯುತ್ತಲೇ ಇದ್ದೆ. ಅದನ್ನು ಕಡಿದು ಹಾಕಿದವರು ಮೇಷ್ಟ್ರೇ. ಒಂದು ಬೆಳಗ್ಗೆ ಪೇಪರು ಬೀಸುತ್ತಾ ಒಳಗೆ ನುಗ್ಗಿದರು. "ಏನಮ್ಮಾ, ಸಂಘದ ಪ್ರದರ್ಶನದ ಸುದ್ದೀಲಿ ನಿಮ್ಮ ಸ್ಟೂಲಿನ ಫೋಟೋ ಬಂದಿದೆ! ನಿಮ್ಮ ಯಜಮಾನರೂ ಇದಾರೆ, ಹಿಂದುಗಡೆ, ಅರ್ಧ ಕಿವಿ." ಅರ್ಧ ಕಿವಿಯಲ್ಲೇ ನನ್ನನ್ನು ಗುರುತು ಹಿಡಿದ ಪುಣ್ಯಾತ್ಮ. ಇಂಥವರಿಗೆ ನಿವೃತ್ತಿ ಕೊಡಬಾರದು.

ಹೆಂಡತಿ ಫೋಟೋ ನೋಡಿದಳು, ನನ್ನನ್ನು ನೋಡಿದಳು. "ಎದ್ದೇಳ್ರಿ" ಅಂದಳು. ನಾನು ನಿಂತೇ ಇದ್ದೆ. ಆದರೂ ಎದ್ದೆ.

ಕಾರ್ಯದರ್ಶಿಗಳ ಕೋಣೆಯಲ್ಲಿ ಅವರು, ಭೂತಗನ್ನಡಿ, ನಾವಿಬ್ಬರು. ಮೇಜಿನ ಆಚೆ ಅವರು ಕೂತರು. ಈಚೆಯ ಎರಡು ಕುರ್ಚಿಗೂ ಚೀಟಿ ಕಟ್ಟಿತ್ತು. ನಾವು ನಿಂತೆವು.

"ಅದು ನನ್ನ ಸ್ಟೂಲು. ನಮ್ಮಪ್ಪ ಮಾಡಿದ್ದು. ಕೊಟ್ಟುಬಿಡಿ, ತಗೊಂಡು ಹೋಗ್ತೀನಿ" ಅಂದಳು ಹೆಂಡತಿ.

ನಾನೂ ಬಾಯಿ ಬಿಟ್ಟೆ. "ಹೌದು ಸಾರ್, ನಾನೇ ಚೀಲದಲ್ಲಿ ತಂದಿದ್ದು. ಆವತ್ತು ಹೇಳಿದ್ದು ಸುಳ್ಳು."

ಕಾರ್ಯದರ್ಶಿಗಳು ನಕ್ಕರು. "ನೋಡಪ್ಪಾ, ನೀನು ಆವತ್ತು ಹೇಳಿದ್ದು ಸುಳ್ಳು ಅಂದ್ರೆ ಇವತ್ತು ಹೇಳ್ತಿರೋದು ನಿಜ ಅಂತ ನಾವು ಹೇಗೆ ನಂಬೋದು?"

ಮೈಯೆಲ್ಲ ಉರಿದುಹೋಯಿತು. ಸುಳ್ಳು ಹೇಳಿದಾಗ ತಟಕ್ಕನೆ ನಂಬಿದ ಜನ ನಿಜ ಹೇಳಿದರೆ ಸಾಕ್ಷಿ ಕೇಳುತ್ತಾರೆ!

ಹೆಂಡತಿ ಸಾಕ್ಷಿ ಕೊಟ್ಟಳು. "ಪಕ್ಕದಲ್ಲಿ ಒಂದು ಮೊಳೆ ಇದೆ ನೋಡಿ, ಕತ್ತರಿ ನೇತುಹಾಕೋಕೆ ಅಂತ ಅಪ್ಪ ಹೊಡೆದಿದ್ದು."

"ಒಂಟಿ ಮೊಳೆ!" ಭೂತಗನ್ನಡಿ ಬರೆದುಕೊಂಡರು. "ಕಲಾವಿದನ ಏಕಾಂತ."

"ಕಲಾವಿದನೂ ಅಲ್ಲ, ಏಕಾಂತನೂ ಅಲ್ಲ! ಮನೇಲಿ ಏಳು ಜನ ಮಕ್ಕಳು ನಾವು! ಮೇಲಿರೋ ಕಲೆ ನೋಡಿ, ಮೆಷಿನ್ ಎಣ್ಣೆ ಚೆಲ್ಲಿದ್ದು."

"ಯಂತ್ರಯುಗದ ನೆರಳು. ಅಮ್ಮಾ, ನಿಧಾನವಾಗಿ ಹೇಳಿ. ಜನಪದರ ಬಾಯಲ್ಲಿ ಈ ಥರ ಮಾತು ಸಿಗೋದೇ ಅಪರೂಪ."

"ಯಾರ್ರೀ ಜನಪದ? ನನಗೆ ಸೊಂಟ ನೋವು ಕಣ್ರೀ! ಕೂರೋಕಾಗ್ತಿಲ್ಲ! ಅದು ನನ್ನ ಮೈಗೆ ಮಾಡಿದ್ದು!"

ಭೂತಗನ್ನಡಿಯ ಕಣ್ಣಲ್ಲಿ ನೀರು ಬಂತು. "ನೋವನ್ನೇ ಪೀಠವಾಗಿಸಿದಾನೆ" ಎಂದು ಪಿಸುಗುಟ್ಟಿ ಅದನ್ನೂ ಬರೆದುಕೊಂಡರು. ನೋವು ಅಂದರೆ ಅವರಿಗೆ ಇಷ್ಟ. ನೋವಿರುವವಳು ಎದುರಿಗೆ ನಿಂತಿದ್ದರೆ ಒಂದು ಕುರ್ಚಿ ಎಳೆದು ಕೊಡಬೇಕೆಂದು ಮಾತ್ರ ಹೊಳೆಯುವುದಿಲ್ಲ. ಥೂ, ಇವರ ಓದಿಗಿಷ್ಟು!

ಒಂದು ಸಲ ಮುಟ್ಟಿಯಾದರೂ ನೋಡುತ್ತೇನೆ ಎಂದಳು ಹೆಂಡತಿ. "ಮುಟ್ಟಬಾರದಮ್ಮ, ಮನುಷ್ಯರ ಮೈಯಲ್ಲಿ ಎಣ್ಣೆ ಜಿಡ್ಡು ಇರುತ್ತೆ, ಮರ ಹಾಳಾಗುತ್ತೆ" ಅಂದರು ಕಾರ್ಯದರ್ಶಿಗಳು.

"ಇಷ್ಟು ವರ್ಷ ನನ್ನ ಜಿಡ್ಡಲ್ಲೇ ಅದು ಗಟ್ಟಿಯಾಗಿರೋದು!"

"ಹಾಗಲ್ಲಮ್ಮ, ಪ್ರದರ್ಶನಕ್ಕೆ ಬನ್ನಿ. ದೂರದಿಂದ ಕಣ್ತುಂಬ ನೋಡಿ. ಸಿಬ್ಬಂದಿ ಮನೆಯವರಿಗೆ ಟಿಕೆಟ್ಟಲ್ಲಿ ರಿಯಾಯಿತಿ ಇದೆ."

ಅವಳು ಬಾಗಿಲ ಕಡೆ ಹೊರಟಳು. ನಾನು ಅವಳ ಜೊತೆ ಇಷ್ಟು ಕಾಲ ಬಾಳಿದ್ದೇನೆ. ಅವಳು ಕೂಗುವಾಗ ನನಗೆ ಭಯವಿಲ್ಲ, ಕೂಗದೆ ಹೊರಟರೆ ಮಾತ್ರ ಭಯ. ಬಾಗಿಲ ಹತ್ತಿರ ತಿರುಗಿ ಒಂದೇ ಮಾತು ಕೇಳಿದಳು. "ಚೀಟಿ ಕಟ್ಟಿದ್ದು ಹೊರಗೆ ಬರೋ ಹಾಗಿಲ್ಲ, ಅಲ್ವಾ?"

"ಯಾವ ಕಾರಣಕ್ಕೂ ಇಲ್ಲ."

"ಒಳಗೆ ಬರೋರಿಗೆ ತಡೆ ಇಲ್ಲ, ಅಲ್ವಾ?"

"ಎಲ್ಲರಿಗೂ ಸ್ವಾಗತ" ಅಂದರು ಕಾರ್ಯದರ್ಶಿಗಳು, ದೊಡ್ಡ ಮನಸ್ಸಿನಿಂದ.

ಉದ್ಘಾಟನೆಯ ದಿನ ಬಂತು. ದೊಡ್ಡ ಸಭಾಂಗಣದ ನಟ್ಟನಡುವೆ ಎತ್ತರದ ಕಟ್ಟೆ, ಅದರ ಮೇಲೆ ನಮ್ಮ ಮನೆಯ ಸ್ಟೂಲು, ಸುತ್ತ ಹಗ್ಗ, ಮೇಲಿಂದ ದೀಪ. ಪಕ್ಕದ ಫಲಕದಲ್ಲಿ 'ಅಸಮತೋಲನ: ಅಜ್ಞಾತ ಕಲಾವಿದ' ಎಂದು ಬರೆದಿತ್ತು. ಅಜ್ಞಾತನಂತೆ! ಮಾವನ ಕೈಯಲ್ಲಿ ಈ ಊರಿನಲ್ಲಿ ಬಾಗಿಲು ಮಾಡಿಸಿಕೊಳ್ಳದ ಮನೆ ಇರಲಿಲ್ಲ. ಈ ಸಭಾಂಗಣದ ಬಾಗಿಲಿಗೇ ಅವರ ಕೈ ಬಿದ್ದಿರಬಹುದು, ಯಾರು ಕಂಡರು. ನನ್ನನ್ನು ಆ ಸ್ಟೂಲಿನ ಪಕ್ಕದಲ್ಲೇ ಕಾವಲಿಗೆ ನಿಲ್ಲಿಸಿದ್ದರು. ಕಾಲು ಬಾತು ಹೋಗಿತ್ತು. ಸ್ಟೂಲು ಕಾಯುವವನು ನಿಂತಿದ್ದಾನೆ, ಸ್ಟೂಲು ಖಾಲಿ ಇದೆ, ಅದಕ್ಕೆ ಹೆಸರು ಬಳಕೆಯ ಬೆರಗು!

ಮುಖ್ಯ ಅತಿಥಿಗಳು ಇನ್ನೂ ಬಂದಿರಲಿಲ್ಲ. ಬ್ಯಾಂಡಿನವರು ಬಂದರು. ಒಬ್ಬನ ಕೋಟಿಗೆ ಒಂದೇ ತೋಳು, ಇನ್ನೊಬ್ಬನಿಗೆ ಕಾಲರಿಲ್ಲ, ಮೇಸ್ತ್ರಿಯ ಕೋಟಿನ ಬೆನ್ನು ಬರೀ ಕಚ್ಚಾ ಹೊಲಿಗೆ. ಕಾರ್ಯದರ್ಶಿಗಳ ಮುಖ ಕೋಟಿಗಿಂತ ಕೆಂಪಾಯಿತು. ಬ್ಯಾಂಡಿನವರ ಹಿಂದೆ ನಾಲ್ಕು ಜನ ಏನನ್ನೋ ಹೊತ್ತು ತಂದರು, ದೊಡ್ಡ ಡೋಲಿರಬೇಕು ಅಂದುಕೊಂಡೆ. ಅದು ನಮ್ಮ ಮನೆಯ ಹೊಲಿಗೆ ಮೆಷಿನ್ನು, ಕಬ್ಬಿಣದ ಸ್ಟ್ಯಾಂಡು ಸಮೇತ. ಅದರ ಹಿಂದೆ ನೋವಿಗೆ ಕುಂಟುತ್ತಾ, ಹೆಗಲಿಗೆ ಟೇಪು ಹಾಕಿಕೊಂಡು, ನನ್ನ ಹೆಂಡತಿ.

"ಸ್ಟೂಲು ಹೊರಗೆ ಬರಲ್ಲ ಅಂದ್ರೆ ಮೆಷಿನ್ನೇ ಒಳಗೆ ಬರುತ್ತೆ" ಎಂದಳು.

ಹಗ್ಗ ಎತ್ತಿದಳು. ಸ್ಟೂಲನ್ನು ಕಟ್ಟೆಯಿಂದ ಕೆಳಗಿಟ್ಟಳು. ಸೆರಗು ಸಿಕ್ಕಿಸಿ ಕೂತಳು. ತಡೆಯಬೇಕಾದ ನೌಕರ ನಾನು. ತಡೆದೆನೇ? ನನ್ನ ಎರಡು ಕೈಯೂ ಜೇಬಿನಲ್ಲಿ ಸಿಕ್ಕಿಕೊಂಡವು, ಎಷ್ಟು ಎಳೆದರೂ ಬರಲಿಲ್ಲ, ಏನು ಮಾಡಲಿ. ಗಡಗಡ ಎಂದು ಮೆಷಿನ್ ಓಡಿತು. ಮೇಸ್ತ್ರಿ ಕೋಟು ಬಿಚ್ಚಿಕೊಟ್ಟ. ಉಳಿದವರು ಸಾಲಾಗಿ ನಿಂತರು.

ಭೂತಗನ್ನಡಿ ಓಡಿಬಂದರು. "ಕೂತುಬಿಟ್ಟಳು! ಅದರ ಮೇಲೆ ಕೂತುಬಿಟ್ಟಳು!"

"ಕೂತ್ಕೊಳ್ಳೋಕೇ ಅಪ್ಪ ಮಾಡಿದ್ದು" ಎಂದಳು ಅವಳು, ತಲೆ ಎತ್ತದೆ.

ಕಾರ್ಯದರ್ಶಿಗಳು ಬಂದರು. "ಏಳಮ್ಮ!" ಅಂದರು. ಬೆನ್ನಿನ ಹೊಲಿಗೆ ಮುಗಿಯಲಿ ಅಂದಳು. "ಮುಖ್ಯ ಅತಿಥಿಗಳು ಗೇಟಿನ ಹತ್ತಿರ ಬಂದಿದಾರೆ!" ಅಂದರು. ಅವರ ಅಳತೆಯೂ ತಗೋಬೇಕಾ ಅಂದಳು. ಕಾರ್ಯದರ್ಶಿಗಳ ಪಿತ್ತ ನೆತ್ತಿಗೇರಿತು. ಕಾವಲುಗಾರರನ್ನು ಕೂಗಿದರು. "ಇವಳನ್ನ ಎತ್ತಿ ಹೊರಗೆ ಹಾಕ್ರೋ! ಈಗಿಂದೀಗ!"

"ಏಳಲ್ಲ ಅಂತಾರಲ್ಲ ಸಾರ್" ಎಂದ ಗೇಟಿನವನು.

"ಏಳದಿದ್ರೆ ಕೂತ ಹಾಗೇ ಎತ್ತೋ, ಕತ್ತೆ!"

ಅವಳು ಎರಡೂ ಕೈಯಲ್ಲಿ ಸ್ಟೂಲಿನ ಅಂಚು ಹಿಡಿದುಕೊಂಡಳು. ಗೇಟಿನವನು ಆಜ್ಞೆಯನ್ನು ಅಕ್ಷರಕ್ಕೆ ಅಕ್ಷರ ಪಾಲಿಸುವವನು. ಇಬ್ಬರು ಬಗ್ಗಿದರು. ಆಗ ಭೂತಗನ್ನಡಿ ಕಿರುಚಿದ ಕಿರುಚಾಟಕ್ಕೆ ಗಾಜು ಒಡೆಯಬೇಕಿತ್ತು. "ಬರಿಗೈಯಲ್ಲಿ ಮುಟ್ಟಬೇಡಿ! ಕೈಗವಸು! ಬಿಳಿ ಕೈಗವಸು! ಎಳೀಬೇಡಿ, ಅಡಿಯಿಂದ ಹಿಡೀರಿ, ಮೂರೂ ಕಾಲಿಗೆ ಸಮ ಭಾರ!" ಬಿಳಿ ಕೈಗವಸು ಬಂದವು. ಮೂವರು ಕಾವಲುಗಾರರು ಒಂದೊಂದು ಕಾಲು ಹಿಡಿದು, ಅಮೂಲ್ಯ ವಸ್ತುವನ್ನು ಸಾಗಿಸುವ ಪದ್ಧತಿಯ ಪ್ರಕಾರವೇ, ನನ್ನ ಹೆಂಡತಿಯನ್ನು ಎದೆಯೆತ್ತರಕ್ಕೆ ಎತ್ತಿ ಹೊರಟರು. ಭೂತಗನ್ನಡಿ ಪಕ್ಕದಲ್ಲೇ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಾ ನಡೆದರು. ಗಣ್ಯರು ಬಾಗಿಲ ಹತ್ತಿರ ಬಂದಾಗ ಬಾರಿಸಬೇಕೆಂದು ಬ್ಯಾಂಡಿಗೆ ಮೊದಲೇ ಹೇಳಿತ್ತು. ಮೇಸ್ತ್ರಿ ಅವಳನ್ನು ನೋಡಿ ಕೋಲು ಎತ್ತಿದ. ಡೋಲು, ಕಹಳೆ, ಒಂದೇ ತೋಳಿನ ಕೋಟು, ಎಲ್ಲ ಹಿಂದೆ ಹೊರಟವು. ಎದುರಿಗೆ ಬಂದ ಮುಖ್ಯ ಅತಿಥಿಗಳು ಯಾರೋ ದೊಡ್ಡವರೇ ಇರಬೇಕೆಂದು ಪಕ್ಕಕ್ಕೆ ಸರಿದು ಕೈ ಮುಗಿದರು. ನಾನು ಅವಳ ಹೆಗಲಿಂದ ಬಿದ್ದ ಟೇಪು ಹಿಡಿದುಕೊಂಡು ಹಿಂದೆ ಓಡಿದೆ.

ಸ್ಟೂಲು ಗೇಟು ದಾಟಿತು. ಫುಟ್‌ಪಾತಿನ ಮೇಲೆ ಅವಳನ್ನು ನವಿರಾಗಿ ಇಳಿಸಿದರು. ಅವಳು ಬಗ್ಗಿ, ಅಪ್ಪನ ಮೊಳೆಗೆ ನೇತುಹಾಕಿದ್ದ ಕತ್ತರಿಯಿಂದ ಚೀಟಿಯ ದಾರ ಕತ್ತರಿಸಿ, ಅದನ್ನು ಭೂತಗನ್ನಡಿಯ ಕೈಗಿಟ್ಟಳು. ಆಗ ಕಾರ್ಯದರ್ಶಿಗಳಿಗೆ ತಾವೇ ಏನು ಮಾಡಿಸಿದೆವೆಂದು ಹೊಳೆಯಿತು.

"ಲೋ! ಸ್ಟೂಲು ತಗೊಂಡು ಒಳಗೆ ಬಾರೋ!" ಎಂದು ನನ್ನ ಕಡೆ ಗರ್ಜಿಸಿದರು. "ತರದಿದ್ರೆ ನೀನೂ ಒಳಗೆ ಬರಬೇಡ!"

ಎಲ್ಲರೂ ನನ್ನನ್ನೇ ನೋಡಿದರು. ಹೆಂಡತಿ ನೋಡಲಿಲ್ಲ. ಅವಳು ರಸ್ತೆ ನೋಡುತ್ತಾ ಕೂತಿದ್ದಳು, ನಾನು ಏನು ಮಾಡುವವನೆಂದು ಅವಳಿಗೆ ಮೊದಲೇ ಗೊತ್ತಿರುವ ಹಾಗೆ. ಅದು ನನಗೆ ಚುಚ್ಚಿತು.

"ಬರಲ್ಲ ಹೋಗ್ರೀ!" ಎಂದೆ. "ನಿಮ್ಮ ಕುರ್ಚಿಗಳ ಮೇಲೆ ನೀವೂ ಕೂರಲ್ಲ, ಇನ್ನೊಬ್ಬರನ್ನೂ ಕೂರಿಸಲ್ಲ! ಮಗಳಿಗೆ ನೋವಾಗಬಾರದು ಅಂತ ಒಬ್ಬ ಮರ ಉಜ್ಜಿದ್ರೆ ಅದಕ್ಕೆ ದೀಪ ಹಾಕಿ, ಅವಳನ್ನ ನಿಲ್ಲಿಸ್ತೀರಿ! ಇಟ್ಕೊಳ್ಳಿ ನಿಮ್ಮ ಕೆಲಸ. ಅದಕ್ಕೂ ಒಂದು ಚೀಟಿ ಕಟ್ಟಿ!"

ಬ್ಯಾಂಡಿನವರು ಮೆಷಿನ್ನು ಹೊತ್ತು ತಂದರು. ಅದಕ್ಕೆ ಚೀಟಿ ಇರಲಿಲ್ಲವಾದ್ದರಿಂದ ಗೇಟಿನವನು ಸಲಾಮು ಹೊಡೆದು ಬಿಟ್ಟ. ದಾರಿಯುದ್ದಕ್ಕೂ ಹೆಂಡತಿ ಬೈದಳು. ಸಂಘಕ್ಕೆ ಸ್ವಲ್ಪ, ನನಗೆ ಬೇಕಾದಷ್ಟು. ಸ್ಟೂಲು ನಾನು ಹೊತ್ತಿದ್ದೆ. ಕೊಡಿ ಅಂದರೂ ಕೊಡಲಿಲ್ಲ.

ಮನೆಯಲ್ಲಿ ಅದನ್ನು ಮೆಷಿನ್ ಮುಂದಿಟ್ಟೆ. ಅವಳು ಕೂತಳು, ಎಡಕ್ಕೆ ಒಂದಿಷ್ಟು ವಾಲಿದಳು. ನಾನು ಮೊದಲ ಸಲ ಆ ವಾಲುವುದನ್ನು ನೋಡಿದೆ. ಮುಖದ ಗಂಟು ಸಡಿಲವಾಯಿತು, ಉಸಿರು ಬಿಟ್ಟಳು. ನನಗೆ ಅಳು ಬಂದುಬಿಟ್ಟಿತು. ಅದು ಗೊತ್ತಾಗಬಾರದೆಂದು ಆ ಸಂಘಕ್ಕೆ, ಕಾರ್ಯದರ್ಶಿಗೆ, ಅವರ ಏಣಿಗೆ, ಅವರ ಏಳು ತಲೆಮಾರಿಗೆ ಜೋರಾಗಿ ಬೈಯತೊಡಗಿದೆ.

"ಸಾಕು ಕೂಗಾಡಿದ್ದು" ಅಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತಾ. "ಕಾಲು ಬಾತಿದೆ ನೋಡಿ. ಕೂತ್ಕೊಳ್ಳಿ."